ಲೈನಿನಲ್ಲಿ ಯಾರೋ ಇದ್ದಾರೆ

"ಎಫಿ, ಒಂದು ನಿಮಿಷ ಬಾಯಿ ಮುಚ್ಚೇ," ಎಂದಳು ಇಸೊಬೆಲ್ ಮಕ್ರೇ. "ಕೇಳಿಸ್ತಾ? ಟಕ್ ಅಂತು. ಯಾರೋ ಎತ್ತಿದಾರೆ."

ಅಡುಗೆಮನೆಯ ಗೋಡೆಗೆ ಹೊಡೆದಿದ್ದ ಫೋನಿನ ಪೆಟ್ಟಿಗೆಯೆದುರು ಅವಳು ನಿಂತಿದ್ದಳು. ಕೈಗೆ ಬ್ರೆಡ್ಡಿನ ಹಿಟ್ಟು ಮೆತ್ತಿತ್ತು, ರಿಸೀವರಿಗೂ ಮೆತ್ತಿತ್ತು. ಟಾರ್ಬೆಟ್ ಊರಿನಲ್ಲಿದ್ದ ತಂಗಿ ಎಫಿಯ ದನಿ ಇದ್ದಕ್ಕಿದ್ದಂತೆ ಬಾವಿಯೊಳಗಿಂದ ಬಂದ ಹಾಗೆ ಸಣ್ಣಗಾಗಿತ್ತು.

"ಯಾರು ಅಂತೀಯಾ?" ಎಂದಳು ಎಫಿ.

"ಇನ್ಯಾರು? ಆ ಉಕ್ರೇನಿನವಳು, ಪರಾಸ್ಕಾ. ಅವಳ ಮನೆಗೆ ತಂತಿ ಎಳೆದಾಗಿನಿಂದ ನನ್ನ ಮಾತು ನನ್ನ ಮನೆಯಲ್ಲಿ ಉಳೀತಿಲ್ಲ. ಅಯ್ಯೋ ನನ್ನ ಕರ್ಮವೇ, ಇಲ್ಲಿ ನಾನು ಕೆಮ್ಮಿದರೆ ಸ್ಟೇಷನ್ನಿನಲ್ಲಿ ನನ್ನ ಕಫದ ಸುದ್ದಿ! ಕೇಳಿಸಿಕೊಂಡೆಯೇನೇ ಪರಾಸ್ಕಾ? ಕೇಳಿಸಿಕೋ!"

ಇನ್ನೊಂದು ಟಕ್. ಎಫಿಯ ದನಿ ಮತ್ತೆ ದಪ್ಪಗಾಯಿತು. ಇಸೊಬೆಲ್ ರಿಸೀವರನ್ನು ಕೊಕ್ಕೆಗೆ ಕುಕ್ಕಿದಳು.

ಸಸ್ಕಾಚವನ್ನಿನ ಆ ಬಯಲಿನಲ್ಲಿ ಒಂದೇ ತಂತಿಗೆ ಒಂಬತ್ತು ಮನೆಗಳು ನೇತುಬಿದ್ದಿದ್ದವು. ದೊಡ್ಡ ಊರುಗಳ ನಡುವೆ ತಂತಿ ಬಂದಾಗ ಹೊಲದ ಮನೆಯವರನ್ನು ಅವರವರ ಪಾಡಿಗೆ ಬಿಡಲಾಗಿತ್ತು. ನಮ್ಮವರೇನು ಕೈಕಟ್ಟಿ ಕೂತವರಲ್ಲ. ತಾವೇ ಸಂಘ ಕಟ್ಟಿದರು, ತಾವೇ ಗುಂಡಿ ತೋಡಿ ಕಂಬ ನೆಟ್ಟರು. ಅದಕ್ಕೂ ಮೊದಲು ಗೋಧಿ ತುಂಬಿಕೊಂಡು ಹೋದರೆ ಸ್ಟೇಷನ್ನಿನ ಧಾನ್ಯದ ಏಜೆಂಟನ ಬಾಯಿಗೆ ಬಂದದ್ದೇ ದರ. ಫೋನು ಬಂದಮೇಲೆ ಊರಿನ ಎಕ್ಸ್‌ಚೇಂಜಿನ ಮಿಸ್ ಟ್ವೀಡಿ ಮಧ್ಯಾಹ್ನ ಲೈನಿಗೆಲ್ಲ ಗಂಟೆ ಹೊಡೆದು ವಿನ್ನಿಪೆಗ್ ಪೇಟೆಯ ಗೋಧಿ ದರ ಓದತೊಡಗಿದಳು. ಏಜೆಂಟನ ಆಟ ಅಲ್ಲಿಗೆ ಮುಗಿಯಿತು.

ಆದರೆ ಒಂದೇ ತಂತಿಯಲ್ಲವೇ? ಯಾರು ರಿಸೀವರ್ ಎತ್ತಿದರೂ ಯಾರ ಮಾತಾದರೂ ಕೇಳಬಹುದು. ಎತ್ತಿದವರು ಹೆಚ್ಚಾದಷ್ಟೂ ದನಿ ಸೊರಗುತ್ತದೆ. ದರ ಓದುವಾಗ ಒಂಬತ್ತು ಮನೆಯೂ ಎತ್ತುವುದರಿಂದ ಪಾಪ ಮಿಸ್ ಟ್ವೀಡಿ ಗಂಟಲು ಹರಿದುಕೊಂಡು ಕೂಗಬೇಕಿತ್ತು. ಮಿಕ್ಕ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ ಎಂದು ಎಲ್ಲರೂ ಆಣೆ ಮಾಡಿ ಹೇಳುತ್ತಿದ್ದರು.

ಇಸೊಬೆಲ್‌ಗೆ ಉರಿದದ್ದು ಹೊಲದ ವಿಷಯದಲ್ಲಿ. ಪಕ್ಕದ ವಿಧವೆ ಮಿಸೆಸ್ ಟೇಟ್ ತನ್ನ ಹೊಲ ಗುತ್ತಿಗೆಗೆ ಕೊಡುವವಳಿದ್ದಳು. ಸೋಮವಾರ ಹೋಗಿ ಕೇಳುತ್ತೇನೆ ಎಂದು ಇಸೊಬೆಲ್ ಎಫಿಗೆ ಫೋನಿನಲ್ಲಿ ಹೇಳಿದ್ದಳು. ಸೋಮವಾರ ಹೋದರೆ ಭಾನುವಾರವೇ ಹೊಲ ಕೈಬದಲಾಗಿತ್ತು. ಹಿಡಿದವನು ಹೋಕನ್ ಲುಂಡ್, ಟೆಲಿಫೋನ್ ಸಂಘದ ಅಧ್ಯಕ್ಷ.

"ಅಕಸ್ಮಾತ್ ಸಿಕ್ತಮ್ಮಾ," ಎಂದಿದ್ದ ಲುಂಡ್, ಟೋಪಿ ತಿರುಗಿಸುತ್ತ. "ಆದರೆ ನೀನು ಹೇಳೋದೂ ನಿಜ. ಆ ಹೊಸಬಳು ಬಂದಮೇಲೇ ನೋಡು ಲೈನಿನಲ್ಲಿ ಇದೆಲ್ಲ ಶುರುವಾಗಿದ್ದು. ಅವಳು ಕೇಳಿ ಯಾರ ಕಿವಿಗೆ ಹಾಕ್ತಾಳೋ! ಶನಿವಾರ ಸಭೆ ಇದೆಯಲ್ಲ, ದೂರು ಕೊಡು. ಕಳ್ಳಗಿವಿ ಕೊಟ್ಟವರ ತಂತಿ ಕಿತ್ತುಹಾಕಬಹುದು ಅಂತ ನಿಯಮವೇ ಇದೆ."

ಗಂಡ ಆಂಗಸ್‌ಗೆ ಇದು ಸರಿಬರಲಿಲ್ಲ. "ಅವಳು ತುಂಬಿದ ಬಸುರಿ ಕಣೇ. ಗಂಡ ದ್ಮಿತ್ರೊ ಉತ್ತರದ ಕಾಡಿನಲ್ಲಿ ಮರ ಕಡೀತಾ ಕೂತಿದಾನೆ. ಈ ಹಿಮದಲ್ಲಿ ತಂತಿ ಕಿತ್ತರೆ ಅವಳಿಗೆ ಡಾಕ್ಟರನ್ನ ಕರೆಯೋದು ಯಾರು?"

"ನಿನಗೆ ಊರಿನವರೆಲ್ಲ ಪಾಪ, ಹೆಂಡತಿ ಒಬ್ಬಳು ಬಿಟ್ಟು!"

"ಅವಳೇ ಅನ್ನೋದಕ್ಕೆ ಸಾಕ್ಷಿ ಏನಿದೆ?"

ಸಾಕ್ಷಿ ಬೇಕೇ? ಸಾಕ್ಷಿ ಹಿಡಿದೇ ತೋರಿಸುತ್ತೇನೆ ಎಂದು ಇಸೊಬೆಲ್ ಹಲ್ಲು ಕಚ್ಚಿದಳು.

ಗುರುವಾರ ಸಂಜೆ ಎಫಿಗೆ ಫೋನು ಮಾಡಿ, ಎಲ್ಲವೂ ಸ್ಪಷ್ಟವಾಗಿ ಕೇಳುವ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು. "ಎಫಿ, ಒಂದು ಗುಟ್ಟು. ಟಾರ್ಬೆಟ್ ಸ್ಟೇಷನ್ನಿಗೆ ನಾಳೆ ಬೆಳಗ್ಗೆ ಒಂಟಾರಿಯೊ ಸೇಬಿನ ವ್ಯಾಗನ್ ಬರುತ್ತೆ. ದಾರಿ ತಪ್ಪಿ ಬಂದ ಸರಕು. ಮೊದಲು ಹೋದವರಿಗೆ ಪೀಪಾಯಿಗಟ್ಟಲೆ ಸೇಬು. ಯಾರಿಗೂ ಹೇಳಬೇಡ."

"ಸೇಬಾ?" ಎಂದಳು ಎಫಿ. ಅವಳ ದನಿ ಎಷ್ಟು ಸೊರಗಿತ್ತೆಂದರೆ ಆ ಒಂದು ಮಾತು ಕೇಳುವುದೇ ಕಷ್ಟವಾಯಿತು.

ಮಾರನೆಯ ಬೆಳಗ್ಗೆ ಇಸೊಬೆಲ್ ಜಾರುಬಂಡಿ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಹೋದಳು. ಪರಾಸ್ಕಾ ಬಂದೇ ಬರುತ್ತಾಳೆ, ಹೊಟ್ಟೆ ಹೊತ್ತುಕೊಂಡಾದರೂ ಬರುತ್ತಾಳೆ, ಆಗ ಕೊರಳಪಟ್ಟಿ ಹಿಡಿದು ಕೇಳುತ್ತೇನೆ ಎಂದು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದಳು.

ಪ್ಲಾಟ್‌ಫಾರಂ ಜಾತ್ರೆಯಾಗಿತ್ತು. ಎಲ್ಲರಿಗಿಂತ ಮುಂದೆ ಹೋಕನ್ ಲುಂಡ್, ದೊಡ್ಡ ಜಾರುಬಂಡಿಯ ತುಂಬ ಖಾಲಿ ಪೀಪಾಯಿ. ಅವನ ಹಿಂದೆ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ಮಿಸೆಸ್ ಪೆಟಿಗ್ರೂ, ಶಾಲೆಯ ಮೇಷ್ಟ್ರು, ಕಿವಿ ಕೇಳುವುದಿಲ್ಲ ಎಂದು ಊರೆಲ್ಲ ನಂಬಿದ್ದ ಮುದುಕ ಹ್ಯಾಲರನ್. ಲೈನಿಗೆ ಲೈನೇ ಬಂದು ಮೂಗು ಕೆಂಪಗೆ ಮಾಡಿಕೊಂಡು ಕಾಲು ಕುಟ್ಟುತ್ತ ನಿಂತಿತ್ತು. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ.

"ಏನ್ ಹೋಕನ್, ಬೆಳಗ್ಗೆ ಬೆಳಗ್ಗೆ?" ಎಂದಳು ಇಸೊಬೆಲ್.

"ಹೀಗೇ... ಗಾಳಿಗೆ ಬಂದೆ."

"ಪೀಪಾಯಿಗೂ ಗಾಳಿ ಬೇಕಾಗಿತ್ತಾ?"

ಲುಂಡ್ ಕೆಮ್ಮಿದ. ಬರಬೇಕಾದವಳು ಮಾತ್ರ ಬಂದಿರಲಿಲ್ಲ. ನಾಚಿಕೆಗೆ ಇಸೊಬೆಲಳ ಕಿವಿ ಬಿಸಿಯಾದದ್ದು ನಿಜ. ಆದರೆ ಸಂಶಯ ಒಮ್ಮೆ ಮನೆಯೊಳಗೆ ಕೂತರೆ ಎಬ್ಬಿಸುವುದು ಸುಲಭವೇ? ಹಿಂದಿರುಗುವ ದಾರಿಯಲ್ಲಿ ಅವಳ ತಲೆ ಬೇರೆ ದಿಕ್ಕಿಗೆ ಓಡಿತು. ಇವರೆಲ್ಲ ಪೆದ್ದರು, ಬಲೆಗೆ ಬಿದ್ದರು. ಆ ಹೆಂಗಸು ನನ್ನ ಬಲೆ ಕಂಡುಹಿಡಿದುಬಿಟ್ಟಿದ್ದಾಳೆ. ಅದಕ್ಕೇ ಬರಲಿಲ್ಲ. ಎಂಥ ಕಿಲಾಡಿ!

ಪರಾಸ್ಕಾ ಮೆಲ್ನಿಕ್‌ಳ ಮನೆಯ ಮುಂದೆ ಬಂಡಿ ನಿಲ್ಲಿಸಿ, ಬಾಗಿಲನ್ನು ಬಡಿಯದೆಯೇ ತಳ್ಳಿದಳು.

ಪರಾಸ್ಕಾ ಫೋನಿನ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಕಿವಿಗೊತ್ತಿದ ರಿಸೀವರ್. ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

"ಸಿಕ್ಕಿಬಿದ್ದೆಯಾ!" ಎಂದಳು ಇಸೊಬೆಲ್.

ಬೆಚ್ಚಿ ಬೀಳುತ್ತಾಳೆ, ಮುಚ್ಚಿಡುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದರೆ ಪರಾಸ್ಕಾ ಅದೇನೂ ಮಾಡಲಿಲ್ಲ. ರಿಸೀವರನ್ನು ಮೆಲ್ಲಗೆ ಕೊಕ್ಕೆಗೆ ಹಾಕಿ, ಎದ್ದು, ತಾನು ಕೂತಿದ್ದ ಕುರ್ಚಿಯನ್ನೇ ಸರಿಸಿದಳು. "ಕೂತ್ಕೊಳ್ಳಿ, ಮಿಸೆಸ್ ಮಕ್ರೇ. ಹೌದು, ಕೇಳ್ತೀನಿ. ದಿನಾ ಕೇಳ್ತೀನಿ."

"ಬಾಯಿಬಿಟ್ಟು ಬೇರೆ ಹೇಳ್ತೀಯಲ್ಲ! ನಾಚಿಕೆ ಆಗಲ್ವಾ?"

"ಆಗುತ್ತೆ. ಆದ್ರೆ ನಾನು... ಇಂಗ್ಲಿಷ್ ಮಾತು ಕಲೀತೀನಿ." ಪರಾಸ್ಕಾ ಪದ ಹುಡುಕುತ್ತ ಹೇಳಿದಳು. "ಈ ದೇಶಕ್ಕೆ ಬಂದ ಹೊಸದು, ಹಳೇ ಮನೇಲಿ ನನಗೆ ಮಗು ಇತ್ತು. ಹೆಣ್ಣುಮಗು. ಜ್ವರ ಬಂತು. ಪಕ್ಕದ ಮನೇಲಿ ಯಾರೂ ಇರಲಿಲ್ಲ, ಅವರ ಫೋನಲ್ಲಿ ನಾನು ಕೂಗಿದೆ. 'ಮಗು, ಮಗು' ಅಂದೆ. ಬೇರೆ ಪದ ಗೊತ್ತಿರಲಿಲ್ಲ. ಯಾವ ಮನೆ, ಏನಾಯ್ತು ಅಂತ ಎಕ್ಸ್‌ಚೇಂಜಿನವರು ಕೇಳಿದ್ರು. ನಾನು 'ಮಗು' ಅಂದೆ. ಅವರು ಇಟ್ಟುಬಿಟ್ರು."

ಅವಳು ಒಲೆಯ ಕಡೆ ತಿರುಗಿದಳು. ಒಲೆಯ ಮೇಲೆ ಬೀಟ್‌ರೂಟಿನ ಸಾರು ಕುದಿಯುತ್ತಿತ್ತು. ಇಸೊಬೆಲ್ ಕುರ್ಚಿಯಲ್ಲಿ ಕುಳಿತಳು. ಕೂತದ್ದು ಅವಳಿಗೇ ತಿಳಿಯಲಿಲ್ಲ.

"ಈ ಸಲ ಪದ ಇದೆ. ಹೇಳ್ತೀನಿ, ಕೇಳಿ." ಪರಾಸ್ಕಾ ಮಗ್ಗಿ ಒಪ್ಪಿಸುವವಳಂತೆ ನೆಟ್ಟಗೆ ನಿಂತಳು. "ಡಾಕ್ಟರ್, ಅಯ್ಯೋ ನನ್ನ ಕರ್ಮವೇ, ನೋವು ಶುರುವಾಗಿದೆ. ಮೆಲ್ನಿಕ್ ಮನೆ. ಶಾಲೆ ದಾಟಿ ಬಲಕ್ಕೆ ಬನ್ನಿ. ಬೇಗ ಬನ್ನಿ, ಕತ್ತೆ ನನ್ನ ಮಗನೇ!"

ಮೊದಲಿನದು ಇಸೊಬೆಲಳದೇ ಮಾತು, ಅವಳದೇ ರಾಗ. ಕೊನೆಯದು ಹೋಕನ್ ಲುಂಡ್ ಧಾನ್ಯದ ಏಜೆಂಟನಿಗೆ ಹೇಳುವ ಮಾತು. ಇಸೊಬೆಲ್‌ಗೆ ನಗು ಉಕ್ಕಿತು, ಜೊತೆಗೇ ಕಣ್ಣೂ ತುಂಬಿತು. "ಕೊನೇದು ಬೇಡ ಕಣಮ್ಮಾ," ಎಂದಳು. "ಡಾಕ್ಟರಿಗೆ ಹಾಗನ್ನಬಾರದು."

"ಮಿಸ್ಟರ್ ಲುಂಡ್ ದಿನಾ ಅಂತಾರೆ?"

"ಅವನು ಏನಾದರೂ ಅಂದ್ಕೊಳ್ಳಲಿ. ಅದಿರಲಿ, ಸೇಬಿನ ವಿಷಯ ಕೇಳಿಸಿಕೊಂಡೆ ತಾನೇ? ಯಾಕೆ ಬರಲಿಲ್ಲ?"

ಪರಾಸ್ಕಾ ತನ್ನ ಹೊಟ್ಟೆ ತೋರಿಸಿದಳು. "ಇದನ್ನ ಇಟ್ಕೊಂಡು ಬಂಡೀಲಾ?" ಆಮೇಲೆ ಸಂತೋಷದಿಂದ, "ಆದ್ರೆ ನಿನ್ನೆ ಪೂರ್ತಿ ಅರ್ಥ ಆಯ್ತು, ಮಿಸೆಸ್ ಮಕ್ರೇ! ನೀವು ಯಾವಾಗಲೂ ಬಿರುಗಾಳಿ ಥರ ಮಾತಾಡ್ತೀರಿ. ನಿನ್ನೆ ಎಷ್ಟು ನಿಧಾನ! ಸೇಬು ಸಿಕ್ತಾ?" ಎಂದಳು.

ಇಸೊಬೆಲ್ ತಲೆ ತಗ್ಗಿಸಿದಳು. ಸುಳ್ಳು ಹೇಳುವಾಗ ಮಾತ್ರ ತನ್ನ ಮಾತು ಈ ಹೆಂಗಸಿಗೆ ಅರ್ಥವಾಗುವಂತಿತ್ತು ಎಂದು ನೆನೆದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಶನಿವಾರ ಶಾಲೆಯ ಕೋಣೆಯಲ್ಲಿ ಸಭೆ. ಲುಂಡ್ ಮೇಜು ತಟ್ಟಿ ಎದ್ದ. "ಲೈನಿನ ಮಾನದ ಪ್ರಶ್ನೆ. ನಾವು ಬೆವರು ಸುರಿಸಿ ನೆಟ್ಟ ಕಂಬ ಇವು. ಹೊಸಬರು ಬರಲಿ, ಬೇಡ ಅನ್ನಲ್ಲ. ಆದರೆ ನಮ್ಮ ಪದ್ಧತಿಗೆ ಬಾಗಬೇಕು. ಇಸೊಬೆಲ್ ಹತ್ತಿರ ಸಾಕ್ಷಿ ಇದೆಯಂತೆ. ಹೇಳಮ್ಮಾ."

ಇಸೊಬೆಲ್ ಎದ್ದಳು. "ಸಾಕ್ಷಿ ಇದೆ. ಪರಾಸ್ಕಾ ಮೆಲ್ನಿಕ್ ಕೇಳ್ತಾಳೆ. ತಾನೇ ನನ್ನ ಹತ್ತಿರ ಒಪ್ಪಿಕೊಂಡಿದಾಳೆ."

"ನೋಡಿದಿರಾ!" ಎಂದ ಲುಂಡ್.

"ಮುಗೀಲಿಲ್ಲ, ಕೂತ್ಕೋ. ಸೇಬಿನ ಸುದ್ದಿ ನಾನು ಹೇಳಿದ್ದು ಎಫಿ ಒಬ್ಬಳಿಗೆ. ಅದೂ ಹಸಿ ಸುಳ್ಳು. ಹಾಗಾದರೆ ಶುಕ್ರವಾರ ಸ್ಟೇಷನ್ನಿಗೆ ನಿಮ್ಮನ್ನೆಲ್ಲ ಕರೆದದ್ದು ಯಾರು?"

ಮೇಷ್ಟ್ರು ಕಿಟಕಿಯ ಹೊರಗೆ ಏನನ್ನೋ ಹುಡುಕತೊಡಗಿದರು.

"ನೀನೇನು ಸಾಚಾನಾ?" ಎಂದಳು ಮಿಸೆಸ್ ಪೆಟಿಗ್ರೂ ಮೆಲ್ಲಗೆ.

"ಅಲ್ಲವೇ ಅಲ್ಲ. ನಿನ್ನ ಸೊಸೆ ಮುನಿಸಿಕೊಂಡು ತವರಿಗೆ ಹೋದದ್ದು ನಿನ್ನ ಗಂಡನಿಗಿಂತ ಮೊದಲು ನನಗೆ ಗೊತ್ತು. ನಾವೆಲ್ಲ ಕೇಳೋದು ಚಪಲಕ್ಕೆ, ಕೆಲವರು ಹೊಲ ಲಪಟಾಯಿಸೋದಕ್ಕೆ. ಅವಳೊಬ್ಬಳು ಕೇಳೋದು ಡಾಕ್ಟರನ್ನ ಕರೆಯೋ ಮಾತು ಕಲಿಯೋಕೆ. ತಂತಿ ಕೀಳೋದಾದರೆ ನನ್ನ ಮನೆಯಿಂದ ಶುರುಮಾಡಿ. ಮುಂದಿನದು ಯಾರ ಮನೆ, ಹೋಕನ್?"

ಮುದುಕ ಹ್ಯಾಲರನ್ ಮೊದಲು ನಕ್ಕ, ಒಂದೂ ಮಾತು ಬಿಡದೆ ಕೇಳಿಸಿಕೊಂಡವನ ಹಾಗೆ. ಲುಂಡ್ ಮುಂದಿನ ವಿಷಯ ಎಂದು ಕಂಬದ ರಿಪೇರಿಗೆ ಹೋದ. ದೂರಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅದಾದ ಕೆಲವು ದಿನಕ್ಕೆ, ಇಸೊಬೆಲ್ ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದಾಗ ಫೋನು ಒಂದೇ ಉದ್ದ ಗಂಟೆ ಹೊಡೆಯಿತು. ಯಾರೋ ಎಕ್ಸ್‌ಚೇಂಜನ್ನು ಕರೆಯುತ್ತಿದ್ದರು. ಒದ್ದೆ ಕೈ ತಾನಾಗಿಯೇ ಹೋಗಿ ರಿಸೀವರ್ ಎತ್ತಿತು. ಸಭೆಯಲ್ಲಿ ಅಷ್ಟು ಮಾತಾಡಿದವಳ ಕೈಯೇ!

"ಡಾಕ್ಟರ್... ಅಯ್ಯೋ ನನ್ನ ಕರ್ಮವೇ... ನೋವು..."

"ಯಾರು? ಜೋರಾಗಿ ಹೇಳಿ," ಎನ್ನುತ್ತಿದ್ದಳು ಮಿಸ್ ಟ್ವೀಡಿ. "ಏನೂ ಕೇಳಿಸ್ತಿಲ್ಲ."

ಟಕ್. ಟಕ್. ಇನ್ನೊಂದು ಟಕ್. ಪ್ರತಿ ಸದ್ದಿಗೂ ಪರಾಸ್ಕಾಳ ದನಿ ಇನ್ನಷ್ಟು ಇಂಗಿತು. "ಮೆಲ್ನಿಕ್..." ಎಂದದ್ದು ಇಸೊಬೆಲ್‌ಗೇ ಸರಿಯಾಗಿ ಕೇಳಲಿಲ್ಲ. ಪದಗಳೆಲ್ಲ ಅವಳ ಬಾಯಲ್ಲಿದ್ದವು. ತಂತಿಯೊಳಗಿನ ಅವಳ ದನಿಯನ್ನು ನಾವೆಲ್ಲ ಕುಡಿದುಹಾಕುತ್ತಿದ್ದೆವು.

"ಹಲೋ? ಯಾರೂ ಇಲ್ಲದಿದ್ದರೆ ಇಡ್ತೀನಿ," ಎಂದಳು ಮಿಸ್ ಟ್ವೀಡಿ.

"ಇಡಬೇಡಿ!" ಇಸೊಬೆಲ್ ಪೆಟ್ಟಿಗೆಯೊಳಕ್ಕೇ ನುಗ್ಗುವವಳಂತೆ ಕಿರುಚಿದಳು. "ಟ್ವೀಡಿ, ನೀವು ಇಡಬೇಡಿ! ಮಿಕ್ಕವರೆಲ್ಲ ಇಡಿ! ಹೋಕನ್, ಪೆಟಿಗ್ರೂ, ಮೇಷ್ಟ್ರೇ, ಇಡ್ರೀ! ಅವಳ ಉಸಿರು ಕಟ್ಟಿಸಬೇಡಿ!"

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಟಕ್ ಎಂದಿತು. ಮತ್ತೆ ಟಕ್. ಒಂದರ ಹಿಂದೊಂದು ಮನೆ ಲೈನಿನಿಂದ ಇಳಿಯಿತು. ಪರಾಸ್ಕಾಳ ದನಿ ಮೇಲೆದ್ದು ಬಂತು. "ನೋವು ಶುರುವಾಗಿದೆ. ಮೆಲ್ನಿಕ್ ಮನೆ. ಶಾಲೆ ದಾಟಿ..."

ಇನ್ನು ಉಳಿದದ್ದು ಇಸೊಬೆಲ್ ಒಬ್ಬಳೇ. ಬಲಕ್ಕೆ ಎನ್ನುವಳೋ, ಪದ ಮರೆಯುವಳೋ, ಡಾಕ್ಟರ್ ಸಿಗುವನೋ, ಹೊರಡುವನೋ, ಎಲ್ಲವನ್ನೂ ಕೇಳಬೇಕು ಎಂದು ಅವಳ ಜೀವ ಹಾತೊರೆಯಿತು.

ಅವಳು ರಿಸೀವರನ್ನು ಕೊಕ್ಕೆಗೆ ಹಾಕಿದಳು.

"ಯಾರಂತೆ?" ಎಂದ ಆಂಗಸ್, ಒಳಗಿನಿಂದ.

"ಪರಾಸ್ಕಾ. ಡಾಕ್ಟರನ್ನ ಕರೀತಿದಾಳೆ."

"ಬರ್ತಾನಂತಾ?"

"ಗೊತ್ತಿಲ್ಲ, ಕೇಳಲಿಲ್ಲ," ಎಂದಳು ಇಸೊಬೆಲ್, ಕೋಟಿನ ತೋಳಿಗೆ ಒದ್ದೆ ಕೈ ತೂರಿಸುತ್ತ. "ಬೇಗ ಕುದುರೆ ಕಟ್ಟು. ನಾನೇ ಹೋಗ್ತೀನಿ."