ಗೋಡೆ ಕಡೆ ತಿರುಗಿ ನಿಂತವರು

ನಾಲ್ಕನೇ ಮಹಡಿಯ ಕಾರಿಡಾರಿನಲ್ಲಿ ಗಟ್ಟಿಯಾಗಿ ನಕ್ಕಳೆಂದು ಹೋಟೆಲಿನವರು ಅವಳನ್ನು ಕೆಲಸದಿಂದ ತೆಗೆದರು. ಹದಿನೇಳು ವರ್ಷ ಅಲ್ಲಿ ರೂಮುಗಳನ್ನು ಚೊಕ್ಕ ಮಾಡಿದ್ದಳು. ಅತಿಥಿಯೊಬ್ಬರು ದೂರಿನ ಚೀಟಿಯಲ್ಲಿ ಒಂದು ಸಾಲು ಬರೆದು ಸಹಿ ಹಾಕಿದ್ದರು, ಅಷ್ಟು ಸಾಕಾಯಿತು.

ಅದಾಗಿ ಮೂರು ವರ್ಷಕ್ಕೆ ಅವಳು ಅದೇ ಹೋಟೆಲಿಗೆ ಅತಿಥಿಯಾಗಿ ಬಂದಳು. ಬಂದಳು ಅನ್ನುವುದಕ್ಕಿಂತ ಅಕ್ಕ ಎಳೆದುಕೊಂಡು ಬಂದಳು ಅನ್ನಬೇಕು. ಅಕ್ಕ ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯ ದಿನ ಡಿಪೋದವರೆಲ್ಲ ಸೇರಿ, ಇಬ್ಬರು ಇಲ್ಲಿ ಒಂದು ದಿನ ಉಳಿಯುವ ಕೂಪನ್ ಅವಳ ಕೈಗಿಟ್ಟಿದ್ದರು. ಇಷ್ಟು ವರ್ಷ ಈ ಹೋಟೆಲ್ ಸ್ಟಾಪಿನ ಹೆಸರು ಕೂಗಿದ್ದೀಯ, ಒಂದು ಸಲ ಇಳಿದು ನೋಡು ಅಂದಿದ್ದರು.

"ನಾನು ಬರಲ್ಲ ಕಣೇ ಅಕ್ಕ. ಗುರುತು ಸಿಕ್ಕಿದ್ರೆ ಕತ್ತು ಹಿಡಿದು ಆಚೆ ದಬ್ತಾರೆ."

"ದಬ್ಬಲಿ, ನಾನೂ ನೋಡ್ತೀನಿ. ದಿನಾ ಬಸ್ಸಲ್ಲಿ ಸಾವಿರ ಜನರನ್ನ ದಬ್ಬಿದವಳು ನಾನು. ನಡಿಯೇ ಸುಮ್ನೆ."

ಹೊರಗೆ ರಸ್ತೆ ಕುದಿಯುತ್ತಿತ್ತು. ಹಾರ್ನು, ಬ್ರೇಕು, ಡಾಂಬರು ಅಗೆಯುವ ಯಂತ್ರ, ಅದರ ಮೇಲೆ ಹಣ್ಣಿನವನ ಕೂಗು. ಗಾಜಿನ ಬಾಗಿಲು ಬೆನ್ನ ಹಿಂದೆ ಮುಚ್ಚಿಕೊಂಡದ್ದೇ ತಡ, ಊರಿನ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು. ಆ ಮೌನ ಹೇಗೆ ತಯಾರಾಗುತ್ತದೆ ಅನ್ನುವುದು ತಂಗಿಗೆ ಗೊತ್ತಿತ್ತು. ತಳ್ಳುಗಾಡಿಯ ಚಕ್ರಕ್ಕೆ ದಿನಾ ಎಣ್ಣೆ, ಕೀಗೊಂಚಲಿಗೆ ಬಟ್ಟೆ, ಕಾಲಿಗೆ ಮೆತ್ತನೆ ಚಪ್ಪಲಿ. ಕೆಮ್ಮು ಬಂದರೆ ದಿಂಬಿನೊಳಗೆ ಕೆಮ್ಮಬೇಕು. ಅತಿಥಿಯಾಗಲಿ ಮೇಲಿನವರಾಗಲಿ ಎದುರು ಬಂದರೆ, ಅವರು ದಾಟುವ ತನಕ ಗೋಡೆ ಕಡೆ ತಿರುಗಿ ನಿಲ್ಲಬೇಕು. ಬಂದವರು ಬಾಡಿಗೆ ಕೊಡುತ್ತಿದ್ದದ್ದು ಆ ಮೌನಕ್ಕೆ. ಅದನ್ನು ದಿನದಿನವೂ ಹೆತ್ತು ಕೊಡುತ್ತಿದ್ದವರು ಗೋಡೆ ನೋಡಿಕೊಂಡೇ ಮುದುಕರಾದರು.

ರಿಸೆಪ್ಷನ್ನಿನ ಪಕ್ಕದಲ್ಲೇ ಶ್ ಮೇಡಂ ನಿಂತಿದ್ದಳು. ಮಹಡಿಗಳ ಸೂಪರ್‌ವೈಸರ್. ಅವಳ ಮಾತಿನಲ್ಲಿ ಮುಕ್ಕಾಲು ಪಾಲು ಬರೀ "ಶ್" ಇರುತ್ತಿತ್ತಾದ್ದರಿಂದ ಕೆಲಸದವರು ಇಟ್ಟ ಹೆಸರು ಅದು. ತಂಗಿ ಅಕ್ಕನ ಹಿಂದೆ ಸರಿದಳು. ಶ್ ಮೇಡಂ ಅವಳನ್ನು ನೇರವಾಗಿ ನೋಡಿದಳು, ತಲೆ ಬಾಗಿಸಿದಳು, "ಸ್ವಾಗತ ಮೇಡಂ" ಎಂದು ನಕ್ಕಳು. ಅಷ್ಟೇ.

ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ತಂಗಿ ತಡೆದಿದ್ದ ಉಸಿರು ಬಿಟ್ಟಳು. "ಉಸ್ಸಪ್ಪಾ! ಹದಿನೇಳು ವರ್ಷ ಆಯಮ್ಮನ ಕೈಕೆಳಗಿದ್ದೆ ಕಣೇ. ಗುರುತೇ ಸಿಗಲಿಲ್ವಲ್ಲ!"

ರೂಮು ಸೇರಿದವಳೇ ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿ ಧೂಳು ನೋಡಿದಳು. ದಿಂಬಿನ ಮೂಲೆ ಎಳೆದು ಸರಿಮಾಡಿದಳು.

"ಏಯ್, ಕೈ ತೆಗಿ! ಇವತ್ತು ನಿಂಗೆ ಡ್ಯೂಟಿ ಇಲ್ಲ," ಎಂದು ಅಕ್ಕ ಅದೇ ದಿಂಬಿನ ಮೇಲೆ ಧೊಪ್ಪನೆ ಬಿದ್ದಳು.

ತಂಗಿ ಸ್ನಾನದ ತೊಟ್ಟಿಗೆ ಬಿಸಿನೀರು ತುಂಬಿಸಿ ಇಳಿದಳು. ಇಂಥ ತೊಟ್ಟಿಗಳನ್ನು ಮಂಡಿಯೂರಿ ಎಷ್ಟು ಸಾವಿರ ಸಲ ಉಜ್ಜಿದ್ದಳೋ. ಒಳಗೆ ಕೂತರೆ ಬೆನ್ನಿಗೆ ಒರಗಲು ಇಳಿಜಾರು ಮಾಡಿದ್ದಾರೆ ಅನ್ನುವುದು ಇವತ್ತೇ ತಿಳಿದದ್ದು. ಸೊಂಟದೊಳಗೆ ಗಂಟುಕಟ್ಟಿಕೊಂಡಿದ್ದ ಏನೋ ಒಂದು ಮೆಲ್ಲಗೆ ಬಿಚ್ಚಿಕೊಂಡಿತು. ಬೆರಳ ತುದಿ ಸುಕ್ಕಾಗುವ ತನಕ ಅವಳು ಏಳಲಿಲ್ಲ.

"ಮುಳುಗಿ ಹೋದ್ಯೇನೇ? ನಿನ್ನ ಭಾವಂಗೆ ಏನಂತ ಹೇಳ್ಲಿ?" ಹೊರಗಿನಿಂದ ಅಕ್ಕ.

ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಸದ್ದಿಲ್ಲದೆ. ಮೂರು ವರ್ಷದಿಂದ ಅವಳ ನಗು ಅಷ್ಟೇ. ಚಿಕ್ಕಂದಿನಲ್ಲಿ ಅವಳು ನಕ್ಕರೆ ಆಚೆ ಬೀದಿಯವರು ಏನಾಯ್ತೆಂದು ಕೇಳಿಕೊಂಡು ಬರುತ್ತಿದ್ದರು.

ನಿಲುವಂಗಿ ಸುತ್ತಿಕೊಂಡು ಬಂದವಳನ್ನು ಅಕ್ಕ ದಿಟ್ಟಿಸಿದಳು. "ಸುಮ್ನೆ ಕರ್ಕೊಂಡು ಬಂದೆ ಅಂದ್ಕೊಂಡ್ಯಾ? ನಿನ್ನ ನಗು ಇಲ್ಲೇ ಎಲ್ಲೋ ಬಿಟ್ಟು ಬಂದಿದ್ದೀಯ. ವಾಪಸ್ ತಗೊಂಡೇ ಹೋಗಬೇಕು."

"ಅದೇನು ಬಸ್ಸಲ್ಲಿ ಬಿಟ್ಟ ಕೊಡೆಯಾ?"

"ಕೊಡೆಗಳೂ ಸಿಕ್ಕಿವೆ ಕಣೇ, ಎಷ್ಟೋ."

ಇನ್ನೊಂದು ಟವೆಲ್ ಕೇಳೋಣವೆಂದು ತಂಗಿ ಅದೇ ನಿಲುವಂಗಿಯಲ್ಲಿ ಕಾರಿಡಾರಿಗೆ ಬಂದಳು. ತಳ್ಳುಗಾಡಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು, ಮೂವತ್ತೈದರ ಆಸುಪಾಸು. ತಂಗಿಯನ್ನು ಕಂಡದ್ದೇ ಅವಳು ಗೋಡೆ ಕಡೆ ತಿರುಗಿದಳು. ಅಷ್ಟರಲ್ಲಿ ಲಿಫ್ಟಿನಿಂದ ಕೋಟು ಹಾಕಿದ ಅತಿಥಿಯೊಬ್ಬ ಇಳಿದ. ತಂಗಿಯ ಕಾಲುಗಳು ಅವಳನ್ನು ಕೇಳಲಿಲ್ಲ. ಅವಳೂ ಗೋಡೆ ಕಡೆ ತಿರುಗಿಬಿಟ್ಟಳು.

ಇಬ್ಬರೂ ಅಕ್ಕಪಕ್ಕ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ.

"ಮೇಡಂ," ಗಾಡಿಯವಳು ಪಿಸುಗುಟ್ಟಿದಳು, "ನೀವ್ಯಾಕೆ?"

"ಅಭ್ಯಾಸ ಕಣಮ್ಮ."

ಹಿಂದಿನಿಂದ ಬಾಗಿಲು ತೆರೆಯಿತು. ಸಾಲಾಗಿ ನಿಂತ ಎರಡು ಬೆನ್ನು ಅಕ್ಕನ ಕಣ್ಣಿಗೆ ಬಿದ್ದವು. ಮೂವತ್ತೊಂದು ವರ್ಷದ ಗಂಟಲು ತಾನಾಗಿಯೇ ಬಾಯಿಬಿಟ್ಟಿತು:

"ಮುಂದೆ ಹೋಗಿ, ಮುಂದೆ ಹೋಗಿ! ಮುಂದೆ ಖಾಲಿ ಇದೆ! ಗೋಡೆ ನೋಡ್ಕೊಂಡು ನಿಂತವ್ರು ಟಿಕೆಟ್ ತಗೊಂಡ್ರಾ?"

ಗಾಡಿಯವಳು ಕಿಸಕ್ಕೆಂದಳು. ತಂಗಿಯ ಕೈ ಬಾಯಿಗೆ ಹೋಯಿತು, ಆದರೆ ತಡವಾಗಿತ್ತು. ಹೊಟ್ಟೆಯ ಬುಡದಿಂದ ಕಿತ್ತುಕೊಂಡು ಬಂದ ನಗು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಉರುಳಿಕೊಂಡು ಹೋಯಿತು. ಅವಳು ಗೋಡೆಗೆ ಒರಗಿದಳು, ಕುಸಿದು ಕೂತಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಎದೆಯ ಮೇಲಿಂದ ಒಂದು ಚಪ್ಪಡಿ ಸರಿದಷ್ಟು ಹಗುರವಾಯಿತು. ಕೋಟಿನವನು ದಡಬಡಿಸಿ ರೂಮು ಸೇರಿ ಬಾಗಿಲು ಹಾಕಿಕೊಂಡ.

ಹತ್ತು ನಿಮಿಷಕ್ಕೆ ಶ್ ಮೇಡಂ ಅವರ ರೂಮಿನ ಬಾಗಿಲಿಗೆ ಬಂದಳು. ಕೈಯಲ್ಲಿ ದೂರಿನ ಚೀಟಿ, ಪೆನ್ನು. ಹಿಂದೆ ಗಾಡಿಯವಳು, ಮುಖ ಬಿಳುಚಿಕೊಂಡಿತ್ತು.

"ಕ್ಷಮಿಸಿ ಮೇಡಂ, ನಮ್ಮ ಕೆಲಸದವಳು ನಿಮಗೆ ತೊಂದರೆ ಕೊಟ್ಟಿದ್ದಾಳೆ. ಎದುರು ರೂಮಿನವರು ಫೋನ್ ಮಾಡಿದ್ರು, ಬರೆದುಕೊಡೋಕೆ ಮಾತ್ರ ಪುರುಸೊತ್ತಿಲ್ಲವಂತೆ. ನೀವು ಒಂದು ಸಾಲು ಬರೆದು ಸಹಿ ಹಾಕಿ. ನಾಳೆಯಿಂದ ಇವಳು ಇರಲ್ಲ."

ತಂಗಿ ಚೀಟಿ ನೋಡಿದಳು. ಅದೇ ತಿಳಿಹಳದಿ ಕಾಗದ, ಅದೇ ಗೆರೆ. ತನ್ನ ಹದಿನೇಳು ವರ್ಷ ಹಿಡಿಸಿದ್ದು ಇಷ್ಟೇ ಜಾಗದಲ್ಲಿ.

"ನಕ್ಕಿದ್ದು ನಾನು," ಎಂದಳು.

"ಇರಬಹುದು ಮೇಡಂ, ನೀವು ಅತಿಥಿಗಳು, ನಗಬಹುದು. ಇವಳೂ ನಕ್ಕಿದ್ದಾಳಲ್ಲ. ಇಲ್ಲಿ ಬರೀರಿ."

"ಬರಿಯಲ್ಲ."

"ಒಂದೇ ಒಂದು ಸಾಲು..."

"ಅರ್ಧ ಸಾಲೂ ಬರಿಯಲ್ಲ." ತಂಗಿ ಪೆನ್ನಿನ ಮುಚ್ಚಳ ಹಾಕಿ ಅವಳ ಕೈಗೇ ಇಟ್ಟಳು. "ನನ್ನ ಗುರುತು ಸಿಗಲಿಲ್ಲ ಅಲ್ವಾ? ಹೇಗೆ ಸಿಗುತ್ತೆ, ನನ್ನ ಮುಖ ಯಾವತ್ತು ನೋಡಿದ್ರಿ? ಹದಿನೇಳು ವರ್ಷ ಬರೀ ಬೆನ್ನು ನೋಡಿದ್ದೀರಿ. ತಿರುಗಿ ನಿಲ್ಲಲಾ? ಆಗ ಗೊತ್ತಾಗಬಹುದು."

ಶ್ ಮೇಡಂ ಚೀಟಿಯನ್ನು ಮಡಚಿ ಮುಷ್ಟಿಯೊಳಗೆ ಹಿಸುಕಿದಳು. ಹಾಸಿಗೆಯ ಮೇಲಿಂದ ಅಕ್ಕ ಕಿತ್ತಳೆ ಸುಲಿಯುತ್ತ ನೋಡುತ್ತಿದ್ದಳು. ಸಿಟ್ಟು ತೀರಿಸಿಕೊಳ್ಳಲು ಬೇರೆ ಯಾರೂ ಇರದೆ ಶ್ ಮೇಡಂ ಹಿಂದಕ್ಕೆ ಹೊರಳಿದಳು.

"ಏನೇ ನೋಡ್ತಾ ನಿಂತಿದ್ದೀಯ? ಗೋಡೆ ಕಡೆ ತಿರುಗು!"

ಗಾಡಿಯವಳು ಶ್ ಮೇಡಂಳನ್ನು ನೋಡಿದಳು, ತಂಗಿಯನ್ನು ನೋಡಿದಳು. ಅವಳ ತುಟಿಯ ಮೂಲೆಯಲ್ಲಿ ನಗು ಇನ್ನೂ ಆರಿರಲಿಲ್ಲ.

"ಇಲ್ಲ ಮೇಡಂ," ಎಂದಳು. "ತಿರುಗಲ್ಲ."