ಬಾಲ ಬಿಡದ ಬಟ್ಟೆ

ಹಳದಿ ಚುಕ್ಕೆ, ಹಸಿರಿನ ಮೇಲೆ ಹಳದಿ ಚುಕ್ಕೆ, ಮೂರನೆಯ ಬೆಂಚಿನ ಹುಡುಗಿ ಅಂಗೈ ಬೆವರು ಒರೆಸಿಕೊಂಡು ಕರ್ಚೀಫನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡಳು, ಅದರಲ್ಲಿ ಚೀಟಿ ಇದೆಯೇ ನೋಡಬೇಕು, ಪರೀಕ್ಷಾ ಕೊಠಡಿಯಲ್ಲಿ ನನ್ನ ಕೆಲಸ ಅಷ್ಟೇ, ಇಲ್ಲ, ಚೀಟಿ ಇಲ್ಲ, ಬರೀ ಬಟ್ಟೆ, ಒಂದು ಗೇಣು ಬಟ್ಟೆ — ನಿನ್ನೆ ನಾನು ಹರಿದದ್ದೂ ಅಷ್ಟೇ, ಹಳೆಯ ಕುಪ್ಪಸದ ಕಣದಿಂದ ಎರಡು ತುಂಡು, ಇದೇ ಹಸಿರು, ಇದೇ ಚುಕ್ಕೆ, ಒಂದು ಒರೆಸಲು, ಒಂದು ತುರುಕಲು, ಬೈಕಿನ ಫಿಲ್ಟರ್ ತೊಳೆಯುವಷ್ಟು ಹೊತ್ತು ಎಂಜಿನ್ನಿನ ಬಾಯಿಗೆ ದೂಳು ಹೋಗದಿರಲಿ ಎಂದು, ಬೆಳಿಗ್ಗೆ ಹಿತ್ತಲ ತಂತಿಯ ಮೇಲೆ ತುಂಡು ಒಣಗುತ್ತಿತ್ತು, ತುಂಡು, ಒಂದೇ ತುಂಡು, ಯಾಕೆ ಒಂದೇ, ಇನ್ನೊಂದು ಗಾಳಿಗೆ ಹಾರಿರಬೇಕು, ಸೀಮೆಎಣ್ಣೆ ಬಾಣಲೆಯಲ್ಲೇ ಬಿಟ್ಟಿರಬೇಕು, ಇಲ್ಲ, ಬಾಣಲೆಯನ್ನು ಉಜ್ಜಿ ಮಗುಚಿ ಇಟ್ಟದ್ದು ನಾನೇ. ತಂತಿಯ ಮೇಲಿದ್ದದ್ದು ಯಾವುದು, ಮೂಲೆಯಲ್ಲಿ ಕಪ್ಪು ಗ್ರೀಸಿನ ಗುರುತು ಇತ್ತು, ಎರಡು ಸಲ ಸೋಪು ಹಾಕಿದರೂ ಹೋಗದ ಗುರುತು, ಅಂದರೆ ಅದು ಒರೆಸಿದ ತುಂಡು, ಹಾಗಾದರೆ ತುರುಕಿದ್ದು — ಮೇಡಂ, ಅಡಿಷನಲ್ ಶೀಟು, ಯಾರು, ಕಿಟಕಿ ಪಕ್ಕದವಳು, ಕೊಟ್ಟೆ, ನಂಬರು ಬರೆದುಕೊಂಡೆ, ನನ್ನ ಕೈಬರಹ ನನ್ನದಲ್ಲದಂತೆ ಕಾಣುತ್ತಿದೆ, ಗಡಿಯಾರದಲ್ಲಿ ಹನ್ನೊಂದು ಹತ್ತು, ನಮ್ಮ ಮನೆಯವರು ಹೊರಟದ್ದು ಒಂಬತ್ತೂವರೆಗೆ, ಹೊಳಲ್ಕೆರೆಯಿಂದ ಹೊಸದುರ್ಗ ಒಂದು ಗಂಟೆ, ಅಲ್ಲಿಂದ ಗಾಳಿಯಂತ್ರದ ಗುಡ್ಡದ ಬುಡಕ್ಕೆ ಅರ್ಧ ಗಂಟೆ, ಈಗ ಬುಡದಲ್ಲಿದ್ದಾರೆ, ಹತ್ತುತ್ತಿದ್ದಾರೆ, ದಿನವೂ ಕೆಲಸಕ್ಕೆ ಒಯ್ಯಲು ಕಂಪನಿಯ ಜೀಪು ಬರುತ್ತಿತ್ತು, ಇವತ್ತೇ ಬರಲಿಲ್ಲ, ಬೈಕ್ ತಗೊಂಡು ಹೋಗ್ತೀನಿ ಅಂದರು ಕೊಟ್ರೇಶ್, ನಾನು ಖುಷಿಯಾದೆ, ಖುಷಿಯಾಗಿ ಹೇಳಿದೆ, ಹತ್ತೋ ಮುಂದೆ ಪೂರ್ತಿ ರೇಸ್ ಕೊಟ್ಟು ನೋಡ್ರಿ, ಈ ಸಲ ಕೆಮ್ಮೋದಿಲ್ಲ ಅದು. ನಾನೇ ಹೇಳಿದೆ. ಪೂರ್ತಿ ರೇಸ್ ಕೊಟ್ಟು ನೋಡ್ರಿ.

ನೆನಪು ಮಾಡಿಕೊಳ್ಳಬೇಕು, ಕ್ರಮವಾಗಿ, ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳುವ ಹಾಗೆ, ಒಂದೂ ಬಿಡದಂತೆ. ನಿನ್ನೆ ಸಂಜೆ ಐದು ಗಂಟೆ, ಮನೆಯ ಮುಂದೆ ಅಪ್ಪನ ಹಳೆಯ ಬೈಕು, ಸೈಡ್ ಕವರ್ ಬಿಚ್ಚಿದೆ, ಫಿಲ್ಟರಿನ ಸ್ಪಂಜು ಹೊರಗೆ ತೆಗೆದೆ, ಕೆಂಪಗಿತ್ತು, ಗಣಿ ಲಾರಿಗಳ ದೂಳಿಗೆ ಈ ಕಡೆ ಎಲ್ಲರ ಸ್ಪಂಜೂ ಕೆಂಪೇ, ಚಿತ್ರದುರ್ಗದಿಂದ ಹೊಸದು ತರಿಸಿ ಮೂರು ತಿಂಗಳಾಗಿಲ್ಲ, ಹಿಂಡಿದರೆ ಕುಂಕುಮದ ನೀರು. ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲ ಇದೆ, ಹಿರಿಯೂರು, ಫೋನು ತೋರಿಸಿದ ಎತ್ತರ ಆರುನೂರು ಮೀಟರ್ ಚಿಲ್ಲರೆ, ಎಂಜಿನ್ ನುಣ್ಣಗೆ. ಹೊಳಲ್ಕೆರೆ, ಏಳುನೂರರ ಹತ್ತಿರ, ಪರವಾಗಿಲ್ಲ. ಗುಡ್ಡದ ತಲೆ, ಸಾವಿರದ ಮೇಲೆ, ಕೆಮ್ಮು, ಕಪ್ಪು ಹೊಗೆ. ನೂರು ಮೀಟರಿಗೆ ಗಾಳಿ ಸುಮಾರು ನೂರರಲ್ಲಿ ಒಂದು ಪಾಲು ತೆಳ್ಳಗಾಗುತ್ತದೆ, ಅಷ್ಟಕ್ಕೇ ಎಂಜಿನ್ ಕೆಮ್ಮಬಾರದು, ಸ್ಪಂಜು ದೂಳು ಕಟ್ಟಿಕೊಂಡಿದ್ದರೆ ಮಾತ್ರ ಕೆಮ್ಮುತ್ತದೆ, ಅದನ್ನೇ ತೋರಿಸಬೇಕಿತ್ತು ಅವರಿಗೆ. ಏನ್ ಮೇಡಮ್ಮೋರೆ, ಬೈಕಿಗೂ ಟೆಸ್ಟ್ ಇಟ್ಟೀರಿ, ಪಾಸೋ ಫೇಲೋ, ಅವರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು, ನೀನು ಬಿಚ್ಚಿದ ಮ್ಯಾಲೆ ಒಂದು ನಟ್ಟಾದ್ರೂ ಉಳ್ಕೊಂತೈತೆ ನೋಡು, ನಾನು ತಿರುಗಿ ನೋಡಲಿಲ್ಲ, ತುಂಡನ್ನು ಕಾರ್ಬೊರೇಟರಿಗೆ ಹೋಗುವ ಕಪ್ಪು ರಬ್ಬರ್ ಕೊಳವೆಯ ಬಾಯಿಗೆ ತುರುಕಿದೆ, ಬಾಲ ಹೊರಗೆ ಬಿಟ್ಟೆ, ಬಿಟ್ಟೆನೇ, ಬಿಟ್ಟೆ, ಮೊದಲು ಬಿಟ್ಟೆ. ರಾಮಗಿರಿಯ ಮೆಕ್ಯಾನಿಕ್ ಚಿತ್ತಪ್ಪ ಕಲಿಸಿದ್ದು ಅದು, ಅಕ್ಕ, ಬಟ್ಟೆಗೆ ಬೆರಳುದ್ದ ಬಾಲ ಇರಬೇಕು, ಬಾಲ ಇಲ್ಲದ ಬಟ್ಟೆ ಕಣ್ಣಿಗೂ ಕಾಣಂಗಿಲ್ಲ ಕೈಗೂ ಸಿಗಂಗಿಲ್ಲ, ಅವನು ಕವರ್ ಮುಚ್ಚುವ ಮುಂಚೆ ಪ್ರತಿ ಸಲ ಜೋರಾಗಿ ಎಣಿಸುತ್ತಾನೆ, ತುರುಕಿದ್ದು ಒಂದು, ಎಳೆದಿದ್ದು ಒಂದು, ಸುತ್ತ ಕೂತವರು ನಗುತ್ತಾರೆ, ಏನಪ್ಪ ಚಿತ್ತಪ್ಪ, ಒಂದರ ಮಗ್ಗಿ ಬಾಯಿಪಾಠನಾ, ಹೂಂ ಕಣ್ರಿ, ಎರಡರ ಮಗ್ಗಿ ನಿಮ್ಮಂಥೋರಿಗೆ. ನಾನೂ ನಕ್ಕಿದ್ದೆ. ಆಮೇಲೆ ಲಾರಿ ಬಂತು. ಅದಿರಿನ ಲಾರಿ, ಟಾರ್ಪಾಲು ಹಾರುತ್ತಿತ್ತು, ಕೆಂಪು ದೂಳು ಬೀದಿ ತುಂಬ, ಕಣ್ಣು ಮುಚ್ಚಿಕೊಂಡೆ, ಬಾಲದ ಮೇಲೆ ಕೂತ ದೂಳು ಒಳಗೆ ಹೋಗುತ್ತದೆ ಅನ್ನಿಸಿತು, ಸ್ವಚ್ಛವಾಗಿರಲಿ ಎಂದು ಬಾಲವನ್ನೂ ಮಡಚಿ ಬೆರಳಿನಿಂದ ಒಳಗೆ ಒತ್ತಿದೆ. ಒತ್ತಿದೆ. ಬೆರಳಿಗೆ ಇನ್ನೂ ಗೊತ್ತಿದೆ, ರಬ್ಬರಿನ ತಣ್ಣನೆಯ ಅಂಚು, ಬಟ್ಟೆ ಮೆತ್ತಗೆ ಹಿಂದೆ ಸರಿದದ್ದು. ತೆಗೆದದ್ದು ಬೆರಳಿಗೆ ಗೊತ್ತಿಲ್ಲ. ಸ್ಪಂಜಿಗೆ ಎಣ್ಣೆ ಹಚ್ಚಿ ಹಿಂಡಿದ್ದು ಗೊತ್ತಿದೆ, ಕತ್ತಲಾಗುತ್ತಾ ಬಂತು ಬಾ ಕಾಫಿ ಆರ್ತೈತೆ ಅಂತ ಅವರು ಕೂಗಿದ್ದು ಗೊತ್ತಿದೆ, ಸ್ಕ್ರೂ ತಿರುಗಿಸಿದ್ದು, ಮೂರು ಸ್ಕ್ರೂ, ಮೂರೂ ಹಾಕಿದೆ, ನೋಡ್ರಿ ಒಂದೂ ಉಳಿದಿಲ್ಲ ಎಂದು ಬರಿಗೈ ತೋರಿಸಿದೆ. ಬರಿಗೈ.

ಆದರೆ ಗಾಡಿ ಸ್ಟಾರ್ಟ್ ಆಯಿತಲ್ಲ, ಬೆಳಿಗ್ಗೆ ಒಂದೇ ಕಿಕ್ಕಿಗೆ, ಬಾಯಿ ಮುಚ್ಚಿದ್ದರೆ ಹೇಗೆ ಸ್ಟಾರ್ಟ್ ಆಗುತ್ತದೆ, ಆಗುವುದಿಲ್ಲ, ಆದ್ದರಿಂದ ಬಟ್ಟೆ ಇಲ್ಲ, ಇದು ತರ್ಕ, ಉಸಿರು ಬಿಡು — ಬಾಯಿ ಪೂರ್ತಿ ಮುಚ್ಚಿದ್ದರೆ ತಾನೆ. ತೆಳು ಕುಪ್ಪಸದ ಬಟ್ಟೆ, ಕೊಳವೆ ಅಗಲ, ಬಟ್ಟೆ ಬಿಚ್ಚಿಕೊಂಡು ಒಂದು ಬದಿಗೆ ಅಂಟಿ ಮಲಗಿದ್ದರೆ ಪಕ್ಕದಿಂದ ಗಾಳಿ ಹೋಗುತ್ತದೆ, ಸಮತಟ್ಟಿನಲ್ಲಿ ಎಂಜಿನ್ ಕೇಳುವುದೇ ಕಡಿಮೆ, ಅದು ಅಲ್ಲೇ ಮಲಗಿರುತ್ತದೆ, ಹೊಸದುರ್ಗದವರೆಗೂ ಮಲಗಿರುತ್ತದೆ, ಗುಡ್ಡದಲ್ಲಿ ಗಾಳಿ ತೆಳ್ಳಗಾಗಿ, ಕೈ ತಾನಾಗಿಯೇ ಹೆಚ್ಚು ತಿರುಗಿ, ಪೂರ್ತಿ ರೇಸು, ಕೊಳವೆಯಲ್ಲಿ ಗಾಳಿ ಬಿರುಸಾಗಿ, ಆಗ ಏಳುತ್ತದೆ, ನಡುಗುತ್ತಾ ಮುಂದೆ ಸರಿಯುತ್ತದೆ. ಕಾರ್ಬೊರೇಟರಿನ ಒಳಗೆ ಮೇಲೆ ಕೆಳಗೆ ಆಡುವ ಆ ಚಿಕ್ಕ ಕದದ ಅಡಿಗೆ ಅದರ ತುದಿ ಸಿಕ್ಕರೆ ಕದ ಇಳಿಯುವುದಿಲ್ಲ, ಕೈ ಬಿಟ್ಟರೂ ರೇಸು ಇಳಿಯುವುದಿಲ್ಲ. ಹತ್ತುವಾಗ ಸಿಕ್ಕರೆ ಬದುಕಿದೆವು, ಏರು ತಾನೇ ತಡೆಯುತ್ತದೆ. ಇಳಿಯುವಾಗ ಸಿಕ್ಕರೆ. ಕೀ ತಿರುಗಿಸಿದರೆ ನಿಲ್ಲುತ್ತದೆ, ಕೀ ಎಲ್ಲಿದೆ, ಕೀ ಅವರ ಜೇಬಿನಲ್ಲಿದೆ, ಅಪ್ಪನ ಕಾಲಕ್ಕೇ ಸವೆದ ಬೀಗ, ಓಡುವಾಗ ಕೀ ಉದುರುತ್ತದೆ ಎಂದು ಸ್ಟಾರ್ಟ್ ಮಾಡಿ ತೆಗೆದು ಜೇಬಿಗೆ ಹಾಕಿಕೊಳ್ಳುವುದು ನಮ್ಮ ಮನೆಯ ರೂಢಿ, ಹಾಗಾದರೆ ಕ್ಲಚ್ಚು, ಕ್ಲಚ್ ಹಿಡಿದರೆ ಸಾಕು, ಗಾಬರಿಯಲ್ಲಿ ಹಿಡಿಯುತ್ತಾರೆಯೇ, ಹೊಳೆಯಲು ಎರಡು ಸೆಕೆಂಡು ಬೇಕು, ಗಂಟೆಗೆ ಮೂವತ್ತಾರು ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹತ್ತು ಮೀಟರ್, ಎರಡು ಸೆಕೆಂಡಿಗೆ ಇಪ್ಪತ್ತು, ಗುಡ್ಡದ ಆ ಕಡಿದಾದ ತಿರುವಿನಲ್ಲಿ ದಾರಿಯ ಅಗಲ ಆರು ಮೀಟರ್ ಇದ್ದರೆ ಹೆಚ್ಚು, ಬದಿಗೆ ಕಲ್ಲಿನ ಸಾಲಷ್ಟೇ, ಗಾಳಿಯಂತ್ರದ ರೆಕ್ಕೆ ತಂದ ಉದ್ದನೆಯ ಲಾರಿ ತಿರುಗಲೆಂದು ಆ ಸಾಲನ್ನೂ ಒಂದು ಕಡೆ ಕಿತ್ತಿದ್ದರು, ನಮ್ಮ ಮನೆಯವರೇ ತೋರಿಸಿದ್ದರು, ಅಲ್ಲಿಂದ ಬಗ್ಗಿ ನೋಡಿದರೆ ಕುರಿಗಳು ಕಡಲೆಕಾಳಿನಂತೆ ಕಾಣುತ್ತಿದ್ದವು. ಹಳದಿ ಚುಕ್ಕೆ ಮತ್ತೆ ಅಲುಗಿತು, ಹುಡುಗಿ ಹಣೆ ಒರೆಸಿಕೊಳ್ಳುತ್ತಿದ್ದಾಳೆ, ಒಳಗಿಡಮ್ಮ ಅದನ್ನ, ನನ್ನ ದನಿ ಜೋರಾಯಿತು, ಎಲ್ಲರೂ ತಲೆ ಎತ್ತಿದರು, ಅವಳ ಕಣ್ಣಲ್ಲಿ ನೀರು.

ಫೋನು ಕಚೇರಿಯ ಡ್ರಾಯರಿನಲ್ಲಿದೆ, ಒಳಗೆ ಬರುವ ಮುಂಚೆ ಎಲ್ಲರೂ ಕೊಟ್ಟು ಬರಬೇಕು, ಒಂದು ಗಂಟೆಯವರೆಗೆ ಮುಟ್ಟುವಂತಿಲ್ಲ, ಕೊಠಡಿ ಬಿಡುವಂತಿಲ್ಲ, ಹನ್ನೊಂದು ಇಪ್ಪತ್ತೆಂಟು, ಬಾಗಿಲಲ್ಲಿ ವೀರಮ್ಮ ಮೇಡಂ, ಮುಖ್ಯ ಅಧೀಕ್ಷಕರು, ಸುತ್ತು ಬಂದಿದ್ದಾರೆ, ಹೇಳಿದೆ, ಏನು ಹೇಳಿದೆನೋ, ನಮ್ಮ ಮನೆಯವರು, ಗುಡ್ಡ, ಬಟ್ಟೆ, ಬಟ್ಟೆನಾ, ಅಂದರು, ಏನಮ್ಮ ಮುಖ ಹಿಂಗೆ ಬಿಳಿಚಿಕೊಂಡೈತೆ, ಹೋಗ್ರಿ, ನನ್ ಟೇಬಲ್ ಹತ್ರ ನಿಂತು ಮಾತಾಡಿ ಅಲ್ಲೇ ಇಟ್ಟು ಬರ್ರಿ, ನಾನ್ ಇಲ್ಲಿ ನಿಂತಿರ್ತೀನಿ, ಕಾರಿಡಾರು ಇಷ್ಟು ಉದ್ದ ಯಾವಾಗ ಆಯಿತು, ಡ್ರಾಯರು, ಒಂಬತ್ತು ಫೋನು, ನನ್ನದು ಕೆಳಗೆ, ಆನ್ ಆಗಲು ಇಷ್ಟು ಹೊತ್ತೇ, ರಿಂಗಾಗುತ್ತಿದೆ, ರಿಂಗಾದರೆ ಇದ್ದಾರೆ, ರಿಂಗಾದ ಮಾತ್ರಕ್ಕೆ ಇದ್ದಾರೆ ಎಂದಲ್ಲ, ಜೇಬಿನಲ್ಲಿ ಫೋನೊಂದೇ — ಹಲೋ, ಏನೇ ದಾಕ್ಷಾಯಿಣಿ, ಹಲೋ, ಗಾಳಿ, ಬರೀ ಗಾಳಿ, ರೆಕ್ಕೆಗಳ ಸದ್ದು, ಮ್ಯಾಲೆ ಅದೀನಿ ಕಣೆ, ಏನ್ ಹತ್ತಿತು ಅಂತೀ, ಒಂದ್ ಕೆಮ್ಮಿಲ್ಲ, ಪಾಸು, ಫಸ್ಟ್ ಕ್ಲಾಸ್ ಪಾಸು, ರೀ ಗಾಡಿ ಮುಟ್ಟಬ್ಯಾಡ್ರಿ, ಏನು, ಒಳಗೆ ಬಟ್ಟೆ ಐತೆ, ಇಳೀಬ್ಯಾಡ್ರಿ, ಏನೂ ಕೇಳಂಗಿಲ್ಲ, ಗಾಳಿ ಬಾಳ ಐತೆ, ಒಂದು ಬೋಲ್ಟ್ ಬೇಕಾಗೈತೆ, ಇಳೀತಾ ಇದೀನಿ, ಕೆಳಗೆ ಹೋಗಿ ಫೋನ್ ಮಾಡ್ತೀನಿ ತಡಿ, ರೀ, ರೀ, ಮತ್ತು ಕಿಕ್ಕಿನ ಸದ್ದು, ಒಂದೇ ಕಿಕ್ಕು, ಎಂಜಿನ್ ನುಣ್ಣಗೆ, ನಾನು ತೊಳೆದು ಹಿಂಡಿದ ಸ್ಪಂಜಿನ ನುಣುಪು, ಕೀ ಜೇಬಿಗೆ, ಕರೆ ಕಡಿಯಿತು. ಮತ್ತೆ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ, ಮೆಸೇಜ್ ಬರೆದೆ, ಒಂದೇ ಟಿಕ್ ಗೀಟು, ತಲುಪಿಲ್ಲ, ಮತ್ತೆ ಮಾಡಿದೆ, ಹೊರಗಿದ್ದಾರೆ, ಮೊದಲನೆಯ ತಿರುವು, ಕೈ ಬಿಟ್ಟಿರುತ್ತಾರೆ, ರೇಸು ಇಳಿದಿರುತ್ತದೆ, ಇಳಿಯಲಿ, ಎರಡನೆಯ ತಿರುವು, ತುರುಕಿದ್ದು ಒಂದು, ಗೀಟು ಇನ್ನೂ ಒಂದೇ, ಕಲ್ಲು ಕಿತ್ತ ತಿರುವು ಮೂರನೆಯದು, ತುರುಕಿದ್ದು ಒಂದು, ತುರುಕಿದ್ದು ಒಂದು, ಕಪ್ಪು ಕೊಳವೆ, ಅದರ ಗೋಡೆಗೆ ಅಂಟಿದ ಹಸಿರು, ಮಡಚಿದ ಬಾಲ ಮೆಲ್ಲಗೆ ಬಿಚ್ಚಿಕೊಂಡು, ನಡುಗಿ, ಒಳಮುಖವಾಗಿ, ಹಳದಿ ಚುಕ್ಕೆ, ಇನ್ನೊಂದು ಚುಕ್ಕೆ, ಇನ್ನೊಂದು