ಶರ್ವರಿಯ ಗಾಡಿಯ ಕೆಮ್ಮು

ಮೂರು ನಳಿಗೆಗಳಲ್ಲಿ ಮಂಜು, ನಾಲ್ಕನೆಯದರಲ್ಲಿ ಮಾತ್ರ ಕುಡುಕ ಗೋಡೆಗೆ ಉಚ್ಚೆ ಹೊಯ್ದಂತೆ ಓರೆ ಧಾರೆ — ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಟೆಸ್ಟಿಂಗ್ ಮಷಿನ್ನಿನ ಗಾಜಿನ ನಳಿಗೆಯಲ್ಲಿ ಬಣ್ಣ ಬಯಲು ಮಾಡಿಕೊಳ್ಳುತ್ತಿದೆ, ಇದೇ ಕಳ್ಳ, ಮುಕುಂದನಿಗೆ ಗೊತ್ತು, ಮಷಿನ್ನು ಹುಟ್ಟುವ ಮೊದಲೇ ಗೊತ್ತು, ಬೈಲಹೊಂಗಲದಿಂದ ಕಿತ್ತೂರಿನವರೆಗೆ ಅವನಂಥ ಕಿವಿ ಇನ್ನೊಬ್ಬ ಮೆಕ್ಯಾನಿಕ್ಕನಿಗಿಲ್ಲ, ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ ಹಿಡಿಕೆಯನ್ನು ಕಿವಿಗಿಟ್ಟನೆಂದರೆ ಗಾಡಿಯ ಜಾತಕವೇ ಬಿಚ್ಚಿಕೊಳ್ಳುತ್ತದೆ, ಮುರಗೋಡದ ಅಜ್ಜ ಪಂಚಾಂಗ ನೋಡಿ ಹೇಳಿದ್ದರಲ್ಲಿ ಅರ್ಧ ತಪ್ಪುತ್ತಿತ್ತು, ಮೊಮ್ಮಗ ಹೇಳಿದ್ದು ಒಂದೂ ತಪ್ಪಿಲ್ಲ — ಆತೇನ್ರಿ ಜೋಶೇರ, ಬಾಕಿನ ಮೇಲಿಂದ ಕಟಕೋಳದ ಬೀರಪ್ಪ, ಗಾಡಿ ಕೊಂಡವನು, ಒಯ್ಯಲು ಬಂದು ಕುಳಿತವನು, ಯಾಕ್ರಿ ಅವಸರಾ, ಎಮ್ಮಿ ಕೊಂಡೀರೇನು ಹಗ್ಗಾ ಹಿಡಕೊಂಡು ಹೊಂಟಬಿಡಾಕ, ಪಕ್ಕದಲ್ಲಿದ್ದ ಹೆಂಡತಿ ರಾಯವ್ವ ಅವನನ್ನು ಮೊಟಕುತ್ತಾಳೆ, ಆಗ್ತದ, ಆಗ್ತದ, ಎನ್ನುತ್ತದೆ ಮುಕುಂದನ ಬಾಯಿ, ಕೈ ಆಡುವುದಿಲ್ಲ, ಆ ಓರೆ ಧಾರೆಯಿಂದಲೇ ಕೆಮ್ಮು, ಎಂಜಿನ್ನು ನಿಧಾನವಾದಾಗಲೆಲ್ಲ ಖೊಕ್, ತಡೆದು, ಮತ್ತೆ ಖೊಕ್, ಅವನ ಹೆಂಡತಿ ಶರ್ವರಿ ಸವದತ್ತಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಸಂಜೆ ಓಣಿಯ ತಿರುವಿಗೆ ಬಂದು ಗೇರು ಇಳಿಸುತ್ತಾಳೆ, ಖೊಕ್, ಇವನು ಬಾಯೊಳಗಿನ ಗುಟಕಾ ಗಟಾರಿಗೆ ಉಗುಳಿ, ಬಾಯಿ ಮುಕ್ಕಳಿಸಿ, ಗ್ಯಾರೇಜಿನ ಹಿಂದಿನ ಮನೆಗೆ ಓಡಿ, ಜಗತ್ತಿನ ಮೊದಲ ಸಂಭಾವಿತನಂತೆ ಚಹಾಕ್ಕೆ ನೀರಿಟ್ಟು ನಿಂತಿರುತ್ತಾನೆ, ರೀ, ಊರ ಮಂದಿ ಗಾಡಿ ಎಲ್ಲಾ ನೆಟ್ಟಗ ಮಾಡ್ತೀರಿ, ಹೆಂಡ್ತಿ ಗಾಡಿಗೇ ಯಾಕ ಕ್ಷಯರೋಗ, ನಾಳೆ ಮಾಡ್ತೇನಿ ಮಾರಾಯ್ತಿ, ನಾಳೆ, ಆ ನಾಳೆಗಳನ್ನು ಸಾಲಾಗಿ ನಿಲ್ಲಿಸಿದರೆ ರಾಮದುರ್ಗ ದಾಟುತ್ತವೆ, ಯಾಕೆ ಮಾಡಲಿ, ಲಕ್ಷ ಗಾಡಿ ಹಾದುಹೋಗಲಿ, ಅವಳು ಬಂದಳೆಂದು ಹೇಳುವುದು ಆ ಕೆಮ್ಮೊಂದೇ, ಓಣಿಯ ತಿರುವು, ಬಿಳಿ ಗಾಡಿಯ ಮೂತಿ, ಖೊಕ್ — ಜ್ವರವೆಂದು ಮಲಗಿದವಳು ಗಣಪತಿ ಕೂರಿಸುವ ಮೊದಲೇ ಹೋಗಿಬಿಟ್ಟಳು, ಗಾಡಿ ಬಾಗಿಲಲ್ಲೇ ಉಳಿಯಿತು, ಅದನ್ನು ಕಂಡಾಗಲೆಲ್ಲ ಅವಳು ಒಳಗಿದ್ದಾಳೆಂದುಕೊಂಡು, ಶರು, ಚಹಾ ಇಡಲೇನ, ಎಂದು ಕೂಗುತ್ತ ಹೋಗಿ ಖಾಲಿ ಅಡುಗೆಮನೆಯಲ್ಲಿ ನಿಂತುಬಿಡುತ್ತಿದ್ದ, ಅದಕ್ಕೇ ಮಾರಿದ್ದು, ಬೇರೆ ಯಾವುದಕ್ಕೂ ಅಲ್ಲ.

ಈಗ ಆರಿಸು, ಡಬ್ಬಿಯ ತುಂಬ ಇಂಜೆಕ್ಟರುಗಳು, ಎಲ್ಲವಕ್ಕೂ ಒಂದೇ ಮೋರೆ, ಹುಂಬನಾದರೆ ಬಣ್ಣ ನೋಡಿ ತುರುಕುತ್ತಾನೆ, ಮುಕುಂದ ನಂಬರು ಓದುತ್ತಾನೆ, ಮೀಟರು ಹಚ್ಚುತ್ತಾನೆ, ತುದಿಯ ತೂತುಗಳನ್ನು ಬೆಳಕಿಗೆ ಹಿಡಿಯುತ್ತಾನೆ, ಇಗೋ ಸರಿಯಾದದ್ದು, ಮಿಕ್ಕ ಮೂರರೊಂದಿಗೆ ಒಡಹುಟ್ಟಿದಂತಿದೆ, ಅದರ ಪಕ್ಕದಲ್ಲೇ ಇನ್ನೊಂದು, ಬೇರೆ ಗಾಡಿಯದು, ಕೂಡುವುದೇನೋ ಕೂಡುತ್ತದೆ, ಪೆಟ್ರೋಲು ಹೆಚ್ಚು ಹೊಯ್ಯುತ್ತದೆ, ಅದನ್ನು ಹಾಕಿದರೆ ಕೆಮ್ಮು ಉಳಿಯುತ್ತದೆ, ಕಟಕೋಳದ ಯಾವುದೋ ಹೊಲದ ದಾರಿಯಲ್ಲಾದರೂ ಉಳಿಯುತ್ತದೆ, ಯಾರಿಗೆ ತಿಳಿಯುತ್ತದೆ, ಬೀರಪ್ಪನ ಕಿವಿಗೆ ಟ್ರ್ಯಾಕ್ಟರೂ ಕೊಳಲೂ ಒಂದೇ, ಬೆರಳು ಆಗಲೇ ಅದರ ಮೇಲೆ ಕೂತಿದೆ — ಸೊಸಿಗೆ ಎಂಟ ತಿಂಗಳ ತುಂಬ್ಯಾವ್ರಿ, ರಾಯವ್ವ ಹೇಳುತ್ತಿದ್ದಾಳೆ, ನಮ್ಮ ಅನ್ನಪೂರ್ಣಾಗ, ರಾಮದುರ್ಗದ ದವಾಖಾನಿಗೆ ಒಯ್ಯೂ ಮುಂದ ದಾರ್ಯಾಗ ನಿಂದ್ರಬಾರದು ನೋಡ್ರಿ, ನಿಮ್ಮ ಕೈಗುಣಾ ನಂಬಿ ತಗೊಂಡೇವಿ, ನಿಂದ್ರೂದಿಲ್ಲವ್ವಾ, ಮುಕುಂದ ಜೋಶಿ ಹಾಕಿದ ಇಂಜೆಕ್ಟರಿನ ಮ್ಯಾಲೆ ಚಂದ್ರಲೋಕಕ್ಕ ಹೋಗಿ ಬರಬಹುದು, ಅವನ ಮಾತು ತಾನಾಗಿ ಹಾರುತ್ತದೆ, ಬೆರಳು ಸರಿಯುತ್ತದೆ, ಸರಿಯಾದದ್ದನ್ನೇ ಎತ್ತುತ್ತದೆ, ನಾಲ್ಕೂ ನಳಿಗೆಯಲ್ಲಿ ಮಂಜು, ಯಾವುದು ಹೊಸದೆಂದು ಹೆತ್ತ ಕಂಪನಿಗೂ ತಿಳಿಯದು, ಜೋಡಿಸಿದ, ಬೋಲ್ಟು ಬಿಗಿದ, ಕೀಲಿ ತಿರುವಿದ, ಏ, ಚಾಲೂ ಐತೋ ಬಂದ್ ಐತೋ ತಿಳೀವಲ್ತಲ್ರಿ, ಬೀರಪ್ಪ ಹಲ್ಲು ಕಿರಿಯುತ್ತಾನೆ, ಬರ್ತೇವ್ರಿ, ಹೂಂ, ಬರ್ರಿ, ಬಿಳಿ ಗಾಡಿ ಓಣಿಯುದ್ದಕ್ಕೂ ಹೋಗುತ್ತದೆ, ಬೀರಪ್ಪ ಗೇರು ಇಳಿಸುತ್ತಾನೆ, ಈಗ, ಮುಕುಂದ ಮೈಯೆಲ್ಲ ಕಿವಿಯಾಗಿ ನಿಂತಿದ್ದಾನೆ, ಈಗ, ಏನೂ ಇಲ್ಲ, ಯಾರದೋ ಗಾಡಿ, ಓಣಿಯ ತಿರುವು, ಬರೀ ತಿರುವು, ತಿರುವು —